ಐದು ನಿಮಿಷ ಎದ್ದು ಕುಣಿದರೆ ಓದಿದ್ದು ತಲೆಯಲ್ಲಿ ನಿಲ್ಲುತ್ತಾ?



ಹೋದ ವಾರ ನಮಗೊಂದು ವಾಯ್ಸ್ ಮೆಸೇಜ್ ಬಂತು. ಧಾರವಾಡದಲ್ಲಿ ಎಂಎಸ್ಸಿ ಓದ್ತಿರೋ ಹುಡುಗಿ. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳಲ್ಲ. "ಮೂರು ತಾಸಾತ್ರೀ ಕುಂತು. ಇನ್ನೂ ಅದ ಪೇಜ್ ಐತಿ. ಕಣ್ಣು ಓದಾಕತ್ತಾವ, ತಲಿ ಬ್ಯಾರೆ ಕಡೆ ಐತಿ. ಎದ್ದು ಹೋಗಾಕ ಅಂಜಿಕಿ, ಟೈಮ್ ವೇಸ್ಟ್ ಆಗ್ತೈತಿ ಅಂತ." ಇಷ್ಟೇ ಮೆಸೇಜು, 20 ಸೆಕೆಂಡು.

ನಾನು ಅದನ್ನ ಎರಡು ಸಲ ಕೇಳಿದೆ. ಯಾಕಂದ್ರೆ ಆ "ಅಂಜಿಕಿ" ಇದೆಯಲ್ಲ, ಅದು ನನಗೆ ಚೆನ್ನಾಗಿ ಗೊತ್ತು.

ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್. ನಮ್ಮ ಹಾಸ್ಟೆಲ್‌ನ ರೀಡಿಂಗ್ ರೂಮಲ್ಲಿ ಒಂದು ಬರೆಯದ ನಿಯಮ ಇತ್ತು. ಮೊದಲು ಯಾರು ಎದ್ದರೋ ಅವರು ಸೋತ ಹಾಗೆ. ಊಟ ಮುಗಿಸಿ ಎಂಟಕ್ಕೆ ಕೂತರೆ ರಾತ್ರಿ ಒಂದು ಗಂಟೆವರೆಗೆ ಕದಲೋ ಹಾಗಿಲ್ಲ. ಬೆಳಗ್ಗೆ ತಿಂಡಿ ಹೊತ್ತಲ್ಲಿ "ನೀನೆಷ್ಟು ಅವರ್ಸ್ ಕೂತೆ?" ಅಂತ ಲೆಕ್ಕ. ಎಷ್ಟು ಓದಿದೆ ಅಂತ ಯಾರೂ ಕೇಳ್ತಿರಲಿಲ್ಲ, ಎಷ್ಟು ಕೂತೆ ಅಂತಲೇ ಕೇಳೋದು. ಆ ಲೆಕ್ಕದಲ್ಲಿ ನಾನು ಯಾವಾಗಲೂ ಮೊದಲ ಮೂರರಲ್ಲಿ ಇರ್ತಿದ್ದೆ. ರಿಸಲ್ಟ್ ಬಂದಾಗ ಮ್ಯಾಥ್ಸ್ ಬ್ಯಾಕ್. ಅಪ್ಪ ಫೋನಲ್ಲಿ ಕೇಳಿದ್ದು ಒಂದೇ ಮಾತು: "ಕೂತ್ಕೊಂಡು ಓದಿದ್ಯಾ?" ನಾನು ಕೂತಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹಾಗಾಗಿ ಇವತ್ತಿನ ಎಪಿಸೋಡ್ ಇದರ ಬಗ್ಗೆ. ಓದಿನ ಮಧ್ಯೆ ಐದು ನಿಮಿಷ ಎದ್ದು ಮೈ ಅಲುಗಾಡಿಸಿದರೆ ಗಮನ ವಾಪಸ್ ಬರುತ್ತಾ? ಬಂದರೆ ಎಷ್ಟು? ಅದೇ ಐದು ನಿಮಿಷ ರೀಲ್ಸ್ ನೋಡಿದರೆ ಆಗಲ್ವಾ?

ಮೊದಲು ಒಂದು ಹಳೇ ಗಡಿಯಾರದ ಕಥೆ. ಎರಡನೇ ಮಹಾಯುದ್ಧದ ಕಾಲ. ಬ್ರಿಟನ್ನಿನ ವಾಯುಪಡೆಯಲ್ಲಿ ಗಂಟೆಗಟ್ಟಲೆ ರೇಡಾರ್ ಪರದೆ ನೋಡ್ತಾ ಕೂರೋ ಸಿಬ್ಬಂದಿ ಚುಕ್ಕೆಗಳನ್ನ ಮಿಸ್ ಮಾಡ್ತಿದ್ದರು. ಯಾಕೆ ಅಂತ ತಿಳಿಯೋಕೆ ನಾರ್ಮನ್ ಮ್ಯಾಕ್‌ವರ್ತ್ ಅನ್ನೋ ಮನಶ್ಶಾಸ್ತ್ರಜ್ಞ ಒಂದು ವಿಚಿತ್ರ ಗಡಿಯಾರ ಮಾಡಿದರು. ಅದರಲ್ಲಿ ಅಂಕಿಗಳಿಲ್ಲ, ಒಂದೇ ಮುಳ್ಳು. ಅದು ಟಕ್ ಟಕ್ ಅಂತ ಹೆಜ್ಜೆ ಹಾಕುತ್ತೆ. ಯಾವಾಗಲೋ ಒಮ್ಮೆ ಎರಡು ಹೆಜ್ಜೆ ಒಟ್ಟಿಗೆ ಹಾರುತ್ತೆ, ಆಗ ಗುಂಡಿ ಒತ್ತಬೇಕು. ಎರಡು ಗಂಟೆ ಕಾಲ ಇಷ್ಟೇ ಕೆಲಸ. 1948ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೇಳಿದ್ದೇನಂದ್ರೆ, ಮೊದಲ ಅರ್ಧ ಗಂಟೆ ಆಗ್ತಿದ್ದ ಹಾಗೆ ಜನ ತಪ್ಪೋದು ಜಾಸ್ತಿ ಆಗುತ್ತೆ. ಇವರು ಸೋಮಾರಿಗಳಲ್ಲ, ತರಬೇತಿ ಪಡೆದ ಸೈನಿಕರು. ಒಂದೇ ವಿಷಯದ ಮೇಲೆ, ಒಂದೇ ಭಂಗಿಯಲ್ಲಿ ಗಮನ ಇಟ್ಟರೆ ಅದು ಸವೆಯುತ್ತೆ ಅನ್ನೋದಕ್ಕೆ ಇದು ಮೊದಮೊದಲ ಸಾಕ್ಷಿ.

(ಅಂದಹಾಗೆ "ವಿದ್ಯಾರ್ಥಿಗಳ ಗಮನ ಹತ್ತು ನಿಮಿಷ ಮಾತ್ರ" ಅಂತ ಒಂದು ಮಾತು ಎಲ್ಲ ಕಡೆ ಓಡಾಡುತ್ತೆ. 2007ರಲ್ಲಿ ವಿಲ್ಸನ್ ಮತ್ತು ಕಾರ್ನ್ ಅನ್ನೋ ಇಬ್ಬರು ಸಂಶೋಧಕರು ಅದರ ಮೂಲ ಹುಡುಕ್ತಾ ಹೋದರು. ಗಟ್ಟಿ ಆಧಾರ ಸಿಗಲಿಲ್ಲ. ಹತ್ತು ನಿಮಿಷಕ್ಕೆ ಸ್ವಿಚ್ ಆಫ್ ಆಗೋ ಹಾಗೆ ಯಾರ ತಲೆಯೂ ಇಲ್ಲ. ಗಮನ ಹೋಗುತ್ತೆ, ಬರುತ್ತೆ. ಹೊತ್ತು ಕಳೆದ ಹಾಗೆ ಹೋಗೋದು ಜಾಸ್ತಿ, ಬರೋದು ಕಮ್ಮಿ, ಅಷ್ಟೇ.)

ಈಗ ಕೆನಡಾಗೆ ಬರೋಣ. ಟೊರೊಂಟೊ ಹತ್ತಿರ ಹ್ಯಾಮಿಲ್ಟನ್ ಅಂತ ಊರು, ಅಲ್ಲಿ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ. ಬಾರ್ಬರಾ ಫೆನೆಸಿ, ಜೆನಿಫರ್ ಹೈಸ್ ಮತ್ತು ಜೊತೆಯವರು ಅಲ್ಲಿ ಒಂದು ಪ್ರಯೋಗ ಮಾಡಿ 2018ರಲ್ಲಿ ಪ್ರಕಟಿಸಿದರು. ನಾನು ಈ ವಿಷಯದಲ್ಲಿ ಓದಿದ್ದರಲ್ಲಿ ನನಗೆ ಅತಿ ಹತ್ತಿರ ಅನಿಸಿದ್ದು ಇದೇ, ಯಾಕಂದ್ರೆ ಇದರಲ್ಲಿದ್ದೋರು ನಿಮ್ಮ ವಯಸ್ಸಿನ ಡಿಗ್ರಿ ವಿದ್ಯಾರ್ಥಿಗಳು, 77 ಜನ. ಕೊಟ್ಟ ಕೆಲಸವೂ ನಮಗೆ ಪರಿಚಯದ್ದೇ: 50 ನಿಮಿಷದ ಒಂದು ವಿಡಿಯೊ ಲೆಕ್ಚರ್ ನೋಡಿ, ಆಮೇಲೆ ಟೆಸ್ಟ್ ಬರೆಯೋದು.

ಮೂರು ಗುಂಪು ಮಾಡಿದರು. ಮೊದಲನೇ ಗುಂಪಿಗೆ ಬ್ರೇಕೇ ಇಲ್ಲ, ನಮ್ಮ ರೀಡಿಂಗ್ ರೂಮಿನ ಥರ. ಎರಡನೇ ಗುಂಪಿಗೆ ಮಧ್ಯೆ ಮೂರು ಸಲ ಐದೈದು ನಿಮಿಷ ಬ್ರೇಕ್, ಆದರೆ ಕೂತಲ್ಲೇ ಕಂಪ್ಯೂಟರ್ ಗೇಮ್ ಆಡಬೇಕು. ಮೂರನೇ ಗುಂಪಿಗೂ ಅದೇ ಮೂರು ಸಲ, ಅದೇ ಐದು ನಿಮಿಷ. ಆದರೆ ಎದ್ದು ಕಸರತ್ತು ಮಾಡಬೇಕು. ಜಂಪಿಂಗ್ ಜ್ಯಾಕ್, ಹಿಮ್ಮಡಿ ಹಿಂದಕ್ಕೆ ಒದೆಯೋದು, ಕುಂಟೆಬಿಲ್ಲೆ ಆಡೋ ಥರ ಕುಪ್ಪಳಿಸೋದು, ಇಂಥವು. ಜಿಮ್ ಬೇಡ, ಶೂಸ್ ಬೇಡ, ನಿಂತ ಜಾಗ ಸಾಕು.

ಲೆಕ್ಚರ್ ಮಧ್ಯೆ ಆಗಾಗ "ಈಗ ನಿನ್ನ ಗಮನ ಎಲ್ಲಿದೆ?" ಅಂತ ವಿಚಾರಿಸಿಕೊಂಡರು. ಮುಗಿದ ಮೇಲೆ ಟೆಸ್ಟ್ ಕೊಟ್ಟರು. ಎರಡು ದಿನ ಬಿಟ್ಟು ಇನ್ನೊಂದು ಟೆಸ್ಟ್.

ಏನಾಯ್ತು? ಕುಣಿದವರ ಗಮನ ಕೊನೆತನಕ ನಿಂತಿತು. ಉಳಿದ ಎರಡು ಗುಂಪಿಗಿಂತ ಇವರ ಮಾರ್ಕ್ಸ್ ಜಾಸ್ತಿ ಬಂತು, ಆವತ್ತೂ, ಎರಡು ದಿನ ಬಿಟ್ಟೂ.

ಇಲ್ಲಿ ಸ್ವಲ್ಪ ನಿಲ್ಲೋಣ. ಗೇಮ್ ಆಡಿದವರೂ ಬ್ರೇಕ್ ತಗೊಂಡಿದ್ದರು, ನಿಮಿಷ ಕೂಡ ಅಷ್ಟೇ. ಬ್ರೇಕ್ ಒಂದೇ ಸಾಕಾಗೋದಾಗಿದ್ದರೆ ಅವರ ಗಮನವೂ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಅಂದ್ರೆ ಓದು ಬಿಟ್ಟು ಏಳೋದು ಎಷ್ಟು ಮುಖ್ಯವೋ, ಎದ್ದ ಮೇಲೆ ಏನು ಮಾಡ್ತೀವಿ ಅನ್ನೋದು ಅಷ್ಟೇ ಮುಖ್ಯ.

ಇನ್ನೊಂದು ಸಣ್ಣ ವಿಷಯ ಆ ಪ್ರಯೋಗದಲ್ಲಿದೆ, ನನಗೆ ಅದು ತುಂಬಾ ಇಷ್ಟ. ಲೆಕ್ಚರ್ ಹೇಳಿದ ದನಿ ಎಷ್ಟು ಸ್ಪಷ್ಟವಾಗಿತ್ತು ಅಂತಲೂ ಕೇಳಿದ್ದರು. ಕಸರತ್ತು ಮಾಡಿದವರಿಗೆ ಆ ದನಿ ಹೆಚ್ಚು ಸ್ಪಷ್ಟವಾಗಿ, ಹೆಚ್ಚು ಅರ್ಥ ಆಗೋ ಹಾಗೆ ಇತ್ತಂತೆ. ಎಲ್ಲರೂ ನೋಡಿದ್ದು ಒಂದೇ ವಿಡಿಯೊ! ಮೇಷ್ಟ್ರು ಬದಲಾಗಿಲ್ಲ, ಪಾಠ ಬದಲಾಗಿಲ್ಲ. "ಆ ಸರ್ ಹೇಳೋದು ಒಂದೂ ಅರ್ಥ ಆಗಲ್ಲ" ಅಂತ ನಾನು ಎಷ್ಟು ಜನರ ಬಗ್ಗೆ ಹೇಳಿದ್ದೀನಿ ಅಂತ ಲೆಕ್ಕ ಇಲ್ಲ. ಅದರಲ್ಲಿ ಎಷ್ಟು ಅವರ ತಪ್ಪು, ಎಷ್ಟು ಮಧ್ಯಾಹ್ನ ಎರಡೂವರೆಯ, ಮರದ ಬೆಂಚಿನ ತಪ್ಪು? ಈಗ ಕೇಳೋಕೆ ಹೋದರೆ ಅವರು ಸಿಗಲ್ಲ.

ಇನ್ನು ಫೋನ್ ವಿಷಯ. ಇದು ನಿಮ್ಮ ಕೈಯಲ್ಲೇ ಇರೋದ್ರಿಂದ ಸ್ವಲ್ಪ ಮೆಲ್ಲಗೆ ಹೇಳ್ತೀನಿ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ 414 ವಿದ್ಯಾರ್ಥಿಗಳಿಗೆ ಅಕ್ಷರಗಳನ್ನ ಕಲಸಿಟ್ಟ ಪದಗಳನ್ನ ಸರಿ ಮಾಡೋ ಕೆಲಸ ಕೊಟ್ಟರು. ಅರ್ಧದಲ್ಲಿ ಕೆಲವರಿಗೆ ಬ್ರೇಕ್. ಬ್ರೇಕಲ್ಲಿ ಮಾಡಬೇಕಿದ್ದು ಒಂದೇ ಕೆಲಸ, ಇಷ್ಟು ದುಡ್ಡೊಳಗೆ ಕೆಲವು ಸಾಮಾನು ಆರಿಸೋದು. ಕೆಲವರು ಫೋನಲ್ಲಿ, ಕೆಲವರು ಕಂಪ್ಯೂಟರಲ್ಲಿ, ಕೆಲವರು ಅಂಗಡಿಯ ಕಾಗದದ ಜಾಹೀರಾತು ನೋಡಿ. 2019ರಲ್ಲಿ ಬಂದ ಫಲಿತಾಂಶ: ಬೇರೆ ಥರ ಬ್ರೇಕ್ ತಗೊಂಡವರಿಗೆ ಹೋಲಿಸಿದರೆ ಫೋನಿನವರು ಉಳಿದ ಕೆಲಸಕ್ಕೆ ಶೇ 19ರಷ್ಟು ಹೆಚ್ಚು ಸಮಯ ತಗೊಂಡರು, ಶೇ 22ರಷ್ಟು ಕಡಿಮೆ ಪದಗಳನ್ನ ಬಿಡಿಸಿದರು. ರೀಲ್ಸ್ ಕೂಡ ಅಲ್ಲ, ಬರೀ ಒಂದು ಶಾಪಿಂಗ್ ಲಿಸ್ಟ್! ಫೋನ್ ಕೈಗೆ ಬಂದರೆ ತಲೆ ಬೇರೆ ಹತ್ತು ವಿಷಯದ ಕಡೆ ವಾಲುತ್ತೆ ಅನ್ನೋದು ಸಂಶೋಧಕರ ಊಹೆ. ನನಗೆ ಊಹೆ ಬೇಡ, ನನ್ನ ಸ್ಕ್ರೀನ್ ಟೈಮ್ ನೋಡಿದರೆ ಸಾಕು.

ಸರಿ, ಮೈ ಅಲುಗಾಡಿಸಿದರೆ ಒಳಗೆ ಏನಾಗುತ್ತೆ?

ಮಿದುಳು ನಮ್ಮ ತೂಕದಲ್ಲಿ ಶೇ 2ರಷ್ಟು ಮಾತ್ರ. ಆದರೆ ದೇಹದ ಶಕ್ತಿಯಲ್ಲಿ ಹೆಚ್ಚುಕಮ್ಮಿ ಶೇ 20 ಅದಕ್ಕೇ ಬೇಕು. ಅದಕ್ಕೆ ಬೇಕಾದ ಗ್ಲೂಕೋಸ್, ಆಮ್ಲಜನಕ ಎರಡೂ ರಕ್ತದಲ್ಲೇ ಬರಬೇಕು. ಇಂಗ್ಲೆಂಡಿನ ಲಿವರ್‌ಪೂಲ್ ಜಾನ್ ಮೂರ್ಸ್ ವಿಶ್ವವಿದ್ಯಾಲಯದವರು 2018ರಲ್ಲಿ 15 ಜನ ಆಫೀಸ್ ಕೆಲಸದವರನ್ನ ನಾಲ್ಕು ಗಂಟೆ ಕೂರಿಸಿ, ಮಿದುಳಿಗೆ ಹೋಗೋ ಒಂದು ಮುಖ್ಯ ರಕ್ತನಾಳದಲ್ಲಿ ರಕ್ತ ಎಷ್ಟು ವೇಗವಾಗಿ ಹರಿಯುತ್ತೆ ಅಂತ ಅಳೆದರು. ಒಂದು ದಿನ ಎದ್ದೇ ಇಲ್ಲ. ಒಂದು ದಿನ ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ನಿಧಾನ ನಡಿಗೆ. ಇನ್ನೊಂದು ದಿನ ಎರಡು ಗಂಟೆಗೊಮ್ಮೆ ಎಂಟು ನಿಮಿಷ ನಡಿಗೆ. ಎದ್ದೇ ಇಲ್ಲದ ದಿನ ಹರಿವು ಇಳಿಯಿತು. ಅರ್ಧ ಗಂಟೆಗೊಮ್ಮೆ ಎದ್ದ ದಿನ ಇಳಿಯಲಿಲ್ಲ. ಎರಡು ಗಂಟೆಗೊಮ್ಮೆ ಎಂಟು ನಿಮಿಷ ನಡೆದ ದಿನ? ನಡೆದ ನಿಮಿಷಗಳ ಒಟ್ಟು ಲೆಕ್ಕ ಹೆಚ್ಚುಕಮ್ಮಿ ಒಂದೇ ಆದರೂ ಆ ಲಾಭ ಉಳಿಯಲಿಲ್ಲ. ಅಂದ್ರೆ ಒಂದೇ ಸಲ ಜಾಸ್ತಿ ನಡೆಯೋದಕ್ಕಿಂತ ಆಗಾಗ ಚೂರು ಚೂರು ಏಳೋದು ಕೆಲಸ ಮಾಡಿದ ಹಾಗೆ ಕಾಣುತ್ತೆ. ಆದರೆ ಇಲ್ಲಿ ಹುಷಾರಾಗಿರಬೇಕು, ಅವರು ಅಳೆದಿದ್ದು ರಕ್ತದ ಹರಿವನ್ನ, ಗಮನವನ್ನ ಅಲ್ಲ. ರಕ್ತ ಜಾಸ್ತಿ ಹೋಯ್ತು ಅಂತ ಇಂಟಿಗ್ರೇಷನ್ ತಾನಾಗೇ ಬರಲ್ಲ.

ಎರಡನೇದು ಎಚ್ಚರ. ಮಿದುಳಿನ ಬುಡದಲ್ಲಿ ಲೋಕಸ್ ಸೆರೂಲಿಯಸ್ ಅಂತ ಪುಟ್ಟ ಜಾಗ ಇದೆ. ಲ್ಯಾಟಿನ್ನಲ್ಲಿ ನೀಲಿ ಚುಕ್ಕೆ ಅಂತ ಅರ್ಥ. ನಾರ್‌ಅಡ್ರಿನಲಿನ್ ಅನ್ನೋ ರಾಸಾಯನಿಕ ಮಿದುಳಿನ ತುಂಬಾ ಹರಡೋದು ಮುಖ್ಯವಾಗಿ ಇಲ್ಲಿಂದ. ಅದು ತೀರಾ ಕಮ್ಮಿ ಆದರೆ ತೂಕಡಿಕೆ, ತೀರಾ ಜಾಸ್ತಿ ಆದರೆ ಗಾಬರಿ. ನಡುವೆ ಎಲ್ಲೋ ಒಂದು ಕಡೆ ಗಮನ ಚೆನ್ನಾಗಿ ನಿಲ್ಲುತ್ತೆ. ಎದ್ದು ಐದು ನಿಮಿಷ ಕುಪ್ಪಳಿಸಿದಾಗ ಎದೆ ಬಡಿತ ಏರುತ್ತೆ, ಈ ಎಚ್ಚರದ ಮಟ್ಟವೂ ಮೇಲಕ್ಕೆ ಬರುತ್ತೆ ಅನ್ನೋದು ಒಪ್ಪಬಹುದಾದ ವಿವರಣೆ. ಅದಕ್ಕೇ ಏದುಸಿರು ಬರೋವರೆಗೆ ಓಡಿ ಬಂದು ಪುಸ್ತಕ ತೆರೆದರೆ ಪ್ರಯೋಜನ ಇಲ್ಲ. ಸುಸ್ತಾಗೋಕೆ ಮುಂಚೆ ನಿಲ್ಲಿಸಬೇಕು.

ಈಗ ನಿಮ್ಮ ಫ್ಯಾಮಿಲಿ ಗ್ರೂಪಲ್ಲಿ ಬರೋ ಫಾರ್ವರ್ಡ್ ಇದೆಯಲ್ಲ, "ಈ ಐದು ನಿಮಿಷದ ವ್ಯಾಯಾಮ ನಿಮ್ಮ ಜ್ಞಾಪಕಶಕ್ತಿಯನ್ನು ಹತ್ತು ಪಟ್ಟು ಹೆಚ್ಚಿಸುತ್ತದೆ" ಅಂತ. ನಾನು ಅಂಥ ಮಾತು ಹೇಳ್ತಿಲ್ಲ. ಒಂದು ಸಲದ ವ್ಯಾಯಾಮ ತಲೆಯ ಕೆಲಸಕ್ಕೆ ಎಷ್ಟು ಸಹಾಯ ಮಾಡುತ್ತೆ ಅಂತ 2012ರಲ್ಲಿ 79 ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದ್ದಾರೆ. ಸಹಾಯ ಆಗುತ್ತೆ, ಆದರೆ ಸಣ್ಣದು. ಮ್ಯಾಕ್‌ಮಾಸ್ಟರ್ ಪ್ರಯೋಗ ಕೂಡ 77 ಜನ, ಒಂದು ಲೆಕ್ಚರ್. ಅದನ್ನಿಟ್ಟುಕೊಂಡು ಇಡೀ ಸೆಮಿಸ್ಟರ್ ಗೆಲ್ತೀನಿ ಅಂದರೆ ಆಗಲ್ಲ. ನಿದ್ದೆ ಕೆಟ್ಟಿದ್ದರೆ ಜಂಪಿಂಗ್ ಜ್ಯಾಕ್ ಅದನ್ನ ತುಂಬಿಕೊಡಲ್ಲ. ಎಷ್ಟೇ ಎದ್ದು ಕೂತರೂ ವಾರಗಟ್ಟಲೆ ಏನೂ ತಲೆಗೆ ಹೋಗ್ತಿಲ್ಲ, ಊಟ ಸೇರ್ತಿಲ್ಲ, ಮನಸ್ಸು ಕುಗ್ಗಿದೆ ಅಂದರೆ ಅದು ಬ್ರೇಕಿನ ಸಮಸ್ಯೆ ಅಲ್ಲ, ಯಾರ ಹತ್ತಿರವಾದರೂ ಮಾತಾಡಿ, ಡಾಕ್ಟರ್ ಹತ್ತಿರ ಹೋಗಿ.

ಎಲ್ಲ ಓದಿಗೂ ಒಂದೇ ಮದ್ದು ಅಂತಲೂ ಅಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ 2014ರಲ್ಲಿ ನೋಡಿದಾಗ ನಡೀತಾ ಯೋಚಿಸಿದವರಿಗೆ ಹೊಸ ಹೊಸ ಐಡಿಯಾ ಜಾಸ್ತಿ ಹೊಳೆದವು. ಆದರೆ ಒಂದೇ ಸರಿ ಉತ್ತರ ಇರೋ ಒಗಟುಗಳಿಗೆ ನಡಿಗೆ ಆ ಥರ ಸಹಾಯ ಮಾಡಲಿಲ್ಲ. ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕಬೇಕಾದರೆ ಕಾರಿಡಾರಲ್ಲಿ ತಿರುಗಿ. ಲೆಕ್ಕ ಬಿಡಿಸಬೇಕಾದರೆ ತಿರುಗಿ ಬಂದು ಕೂತ್ಕೊಳ್ಳಿ.

ಇಷ್ಟೆಲ್ಲ ಗೊತ್ತಾದ ಮೇಲೂ ಏಳೋದು ಯಾಕೆ ಕಷ್ಟ? ನನಗನ್ನಿಸೋದು, ನಮಗೆ ಚಿಕ್ಕಂದಿನಿಂದ ಅಲ್ಲಾಡದೆ ಕೂರೋದೇ ಒಳ್ಳೇತನ ಅಂತ ಕಲಿಸಿದ್ದಾರೆ. "ಕೈ ಕಟ್ಟು, ಬಾಯಿ ಮುಚ್ಚು." ಕ್ಲಾಸಲ್ಲಿ ಮೈ ಬಗ್ಗಿಸೋ ಅವಕಾಶ ಸಿಗ್ತಿದ್ದದ್ದು ಒಂದೇ ಸಲ, ಶಿಕ್ಷೆ ಕೊಟ್ಟಾಗ. ಕಿವಿ ಹಿಡಿದು 50 ಬಸ್ಕಿ ಹೊಡಿ, ಬೆಂಚ್ ಮೇಲೆ ನಿಲ್ಲು, ಗ್ರೌಂಡ್ ಸುತ್ತು ಹಾಕು. ಕಾಲೇಜಿಗೆ ಬಂದ ಮೇಲೂ ಅಷ್ಟೇ. ಒಂದು ಮಧ್ಯಾಹ್ನ ನಿದ್ದೆ ತಡೆಯೋಕಾಗದೆ ನಾನು ಪುಸ್ತಕ ಹಿಡ್ಕೊಂಡು ಹಿಂದೆ ಗೋಡೆಗೆ ಒರಗಿ ನಿಂತೆ, ನಿಂತೇ ನೋಟ್ಸ್ ಬರ್ಕೊತಿದ್ದೆ. ಮೇಷ್ಟ್ರು ಇದೇನು ನಾಟಕ ಅಂತ ಹೊರಗೆ ಕಳಿಸಿದರು. ಆವತ್ತಿನ ಅಟೆಂಡೆನ್ಸ್ ಹೋಯ್ತು. ಪಕ್ಕದಲ್ಲಿ ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಿದ್ದ ನನ್ನ ಗೆಳೆಯನಿಗೆ ಪ್ರೆಸೆಂಟ್ ಬಿತ್ತು. ನನಗೆ ಇವತ್ತಿಗೂ ಅದು ಸರಿ ಅನಿಸಿಲ್ಲ.

ಲೆಕ್ಚರರ್ಸ್ ಯಾರಾದರೂ ಕೇಳ್ತಿದ್ದರೆ: ಒಂದು ಗಂಟೆ ಕ್ಲಾಸಲ್ಲಿ ಮೂರು ಸಲ ಐದು ನಿಮಿಷ ಕೊಡಿ ಅಂತ ನಾನು ಕೇಳಲ್ಲ, ಸಿಲಬಸ್ ಮುಗಿಸೋ ಕಷ್ಟ ನನಗೂ ಗೊತ್ತು. ಎರಡು ಗಂಟೆ ಒಟ್ಟಿಗೆ ಇರೋ ದಿನ ನಡುವೆ ಒಮ್ಮೆ ಎಲ್ಲರನ್ನೂ ಎಬ್ಬಿಸಿ. ಹಿಂದೆ ನಿಂತು ಕೇಳ್ತೀನಿ ಅನ್ನೋನನ್ನ ನಿಲ್ಲೋಕೆ ಬಿಡಿ.

ಓದೋರಿಗೆ, ನಾನೇ ಮಾಡಿ ನೋಡಿದ್ದು ಹೇಳ್ತೀನಿ. ಬ್ಯಾಕ್ ಪೇಪರ್ ಬರೆಯುವಾಗ ನಾನು ರೀಡಿಂಗ್ ರೂಮ್ ಬಿಟ್ಟು ಮೆಟ್ಟಿಲ ಹತ್ತಿರ ಒಂದು ಮೂಲೆ ಹಿಡಿದೆ. ವಿಜ್ಞಾನ ಗೊತ್ತಿದ್ದು ಅಲ್ಲ, ಆ ಸ್ಪರ್ಧೆಯಲ್ಲಿ ಕೂರೋಕೆ ನಾಚಿಕೆ ಆಗ್ತಿತ್ತು, ಫೇಲ್ ಆದೋನು ಅಂತ. ಒಂದು ಲೆಕ್ಕ ಸಿಕ್ಕಾಕ್ಕೊಂಡಾಗ ಟೆರೇಸ್ ತನಕ ಹತ್ತಿ ಇಳೀತಿದ್ದೆ. ಪಾಸಾಯ್ತು. ಅದು ಮೆಟ್ಟಿಲಿಂದಲೇ ಆಯ್ತು ಅಂತ ಹೇಳೋಕೆ ನನ್ನ ಹತ್ತಿರ ಪುರಾವೆ ಇಲ್ಲ, ಎರಡನೇ ಸಲ ಓದ್ತಿದ್ದೆ ಅನ್ನೋದೂ ಇದೆ. ಆದರೆ ಅದೇ ಲೈನನ್ನ ಎಂಟು ಸಲ ಓದೋದು ನಿಂತಿತ್ತು.

ಈಗಲೂ ಸ್ಕ್ರಿಪ್ಟ್ ಬರೆಯುವಾಗ ಇದೇ ಮಾಡ್ತೀನಿ. ಅರ್ಧ ಗಂಟೆ ಅಥವಾ ಮುಕ್ಕಾಲು ಗಂಟೆಗೆ ಒಮ್ಮೆ ಏಳ್ತೀನಿ. ಗಮನ ಪೂರ್ತಿ ಹೋದ ಮೇಲೆ ಏಳ್ತೀನಿ ಅಂತ ಕಾದರೆ ಏಳೋಕೂ ಮನಸ್ಸಾಗಲ್ಲ, ಅದಕ್ಕೆ ಅಲಾರಂ. ಎರಡು ನಿಮಿಷ ಸಿಕ್ಕರೆ ಎರಡು, ಐದು ಸಿಕ್ಕರೆ ಐದು. ರಾತ್ರಿ ಹನ್ನೊಂದಕ್ಕೆ ಮೇಲಿನ ಫ್ಲೋರಲ್ಲಿ ಕುಪ್ಪಳಿಸಿದರೆ ಕೆಳಗಿನೋರು ಬಂದು ಜಗಳ ಆಡ್ತಾರೆ, ಆಗಿದೆ ನನಗೆ. ಆಗ ಬಸ್ಕಿ, ಗೋಡೆಗೆ ಕೈ ಕೊಟ್ಟು ಪುಷ್‌ಅಪ್, ನಿಂತಲ್ಲೇ ಮೊಣಕಾಲು ಎತ್ತೋದು. ಗೇಟ್ ಬೇಗ ಹಾಕೋ ಲೇಡೀಸ್ ಹಾಸ್ಟೆಲಲ್ಲಿ ಇರೋರಿಗೆ ಕಾರಿಡಾರು, ಮೆಟ್ಟಿಲು. ಮಂಡಿ ನೋವು, ಉಬ್ಬಸ ಇರೋರು ಕುಪ್ಪಳಿಸಬೇಡಿ, ನಿಧಾನ ನಡಿಗೆ ಸಾಕು. ಗಾಲಿಕುರ್ಚಿಯಲ್ಲಿರೋ ನನ್ನ ಒಬ್ಬ ಗೆಳತಿ ಕೂತಲ್ಲೇ ಕೈ ಬೀಸಿ ಬಾಕ್ಸಿಂಗ್ ಮಾಡ್ತಾಳೆ, ಎದೆ ಬಡಿತ ಏರೋಕೆ ಅದೂ ನಡೆಯುತ್ತೆ. ಊಟ ಆದ ತಕ್ಷಣ ಹಾರಬೇಡಿ, ಇದನ್ನ ನಿಮ್ಮಮ್ಮನೂ ಹೇಳಿರ್ತಾರೆ.

ಫೋನ್ ಮಾತ್ರ ಮೇಜಿನ ಮೇಲೆ, ಮುಖ ಕೆಳಗೆ ಮಾಡಿ ಬಿಟ್ಟು ಹೋಗಿ. "ಸಾಂಗ್ ಹಾಕ್ಕೊಂಡು ನಡೀತೀನಿ" ಅಂತ ಜೇಬಿಗೆ ಹಾಕಿದರೆ ಮೂರನೇ ಮೆಟ್ಟಿಲಲ್ಲೇ ನೋಟಿಫಿಕೇಷನ್ ಬರುತ್ತೆ. ಪಾಡ್‌ಕಾಸ್ಟ್ ಕೇಳೋರಿಗೆ ಪಾಡ್‌ಕಾಸ್ಟ್‌ನವನೇ ಹೀಗೆ ಹೇಳಬಾರದು, ನಮ್ಮ ಎಡಿಟರ್ ಬೈತಾರೆ. ಇರಲಿ.

ಧಾರವಾಡದ ಆ ಹುಡುಗಿಗೆ ನಾನು ಇದನ್ನೆಲ್ಲ ಚಿಕ್ಕದಾಗಿ ಹೇಳಿ ರಿಪ್ಲೈ ಮಾಡಿದ್ದೆ. ರೆಕಾರ್ಡಿಂಗ್‌ಗೆ ಕೂರೋ ಮುಂಚೆ ಉತ್ತರ ಬಂತು. "ಮೂರು ಸಲ ಮೆಟ್ಟಲಾ ಹತ್ತಿ ಇಳದ್ನಿರೀ. ಆ ಪೇಜ್ ಮುಗೀತು, ಮುಂದಿಂದೂ ನಾಕು ಆತು. ನಾಕನೇ ಸಲಕ್ಕ ವಾರ್ಡನ್ ಮೇಡಂ ಹಿಡದ್ರು, ಏನ್ ಕಳ್ಕೊಂಡಿ ಅಂತ ಕೇಳಿದ್ರು. ಈಗ ಅವರೂ ಟಾರ್ಚ್ ಹಿಡ್ಕೊಂಡು ಹುಡುಕಾಕತ್ತಾರ್ರೀ."